ಬಂತಾ ಅಪ್ಪಾ?

ಪ್ರೀತಿಯ ಅಪ್ಪ,

ಲ್ಯಾಬಿನಲ್ಲಿ ಅದೇನು ನೋಡ್ತೀಯ ಎಂದು ಕೇಳಿದ್ದೆಯಲ್ಲ. ಮೂತ್ರಪಿಂಡದ ಸಣ್ಣ ನಳಿಕೆಗಳ ಒಳಗೋಡೆಯ ಜೀವಕೋಶಗಳಿಗೆ ಒಂದೊಂದು ಕೂದಲಿರುತ್ತದೆ. ನೀರು ಹರಿದರೆ ಅದು ಬಾಗುತ್ತದೆ, ಪುಟ್ಟ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ಬರುತ್ತದೆ. ಹರಿವು ಇದೆಯೆಂದು ಕೋಶಕ್ಕೆ ತಿಳಿಯುವುದು ಹಾಗೆ. ಅಂಗೈ ಜಡ್ಡುಗಟ್ಟಿದೆಯೆಂದು ನೀನು ಪ್ಲಂಬಿಂಗ್ ಕೆಲಸದಲ್ಲಿ ಕೈಯ ಹಿಂಬದಿಯನ್ನು ಪೈಪಿಗೆ ತಾಗಿಸಿ ನೀರು ಹರಿಯುತ್ತಿದೆಯೇ ಎಂದು ನೋಡುತ್ತಿದ್ದೆಯಲ್ಲ, ಅದೇ ಕಸುಬು. ನಿನ್ನಲ್ಲಿ ಆ ಬಾಗಿಲೇ ಕೆಟ್ಟಿದೆ. ನಿನ್ನ ಮೂತ್ರಪಿಂಡದಲ್ಲಿ ತುಂಬಿರುವ ನೀರುಗುಳ್ಳೆಗಳೆಲ್ಲ ಅದರಿಂದ.

ಚಿಕ್ಕವಳಿದ್ದಾಗ ಕೆಳಗೆ ನಿಂತು ವಾಲ್ವ್ ತಿರುಗಿಸುವುದು ನನ್ನ ಕೆಲಸ. “ಬಂತಾ ಅಪ್ಪಾ?” ಎಂದು ಕೂಗಿದರೆ ಮಹಡಿಯ ನಲ್ಲಿಯ ಬಳಿಯಿಂದ ನೀನು “ಬಂತು ಕಣೇ, ಬಂತು” ಅನ್ನುತ್ತಿದ್ದೆ. ಅದು ಎಲ್ಲಿಗೂ ಸೇರದ ಹಳೇ ವಾಲ್ವ್ ಎಂದು ಅಮ್ಮ ಹೇಳಿದ್ದು ಮೊನ್ನೆ. ಆಮೇಲೆ ನೀನೇ ಇಳಿದು ಬಂದು ಸರಿಯಾದದ್ದನ್ನು ತೆರೆಯುತ್ತಿದ್ದೆಯಂತೆ.

ಈಗ ಡಾಕ್ಟರಿಗೂ “ಏನಿಲ್ಲ, ಚೆನ್ನಾಗಿದೀನಿ” ಅನ್ನುತ್ತೀಯಂತೆ.

ನನ್ನ ಪರೀಕ್ಷೆಗಳು ಮುಗಿದವು. ನನಗೆ ಆ ಕಾಯಿಲೆ ಇಲ್ಲ, ನನ್ನ ಮೂತ್ರಪಿಂಡ ನಿನಗೆ ಹೊಂದುತ್ತದೆ. ಜೊತೆಗಿರುವ ಕಾಗದಕ್ಕೆ ಸಹಿ ಹಾಕು. ಕನ್ನಡಕ ಸಿಗಲಿಲ್ಲ ಅನ್ನಬೇಡ, ಸ್ಪ್ಯಾನರ್ ಡಬ್ಬದಲ್ಲಿ ನೋಡು.

ಆಪರೇಷನ್ ಆದ ಮೇಲೆ ಪಕ್ಕದ ಮಂಚದಿಂದ “ಬಂತಾ ಅಪ್ಪಾ?” ಎಂದು ಕೂಗಿ ಕೇಳುತ್ತೇನೆ. ಈ ಸಲ ಮೂತ್ರ ನಿಜವಾಗಿ ಬಂದರೆ ಮಾತ್ರ ಬಂತು ಅನ್ನು.

ಇಂತಿ,
ನಿನ್ನ ವಾಲ್ವ್ ಹುಡುಗಿ