ಮೊದಲು ಯಾರು ಕೂರುವುದು

ಫೆಬ್ರವರಿ 4
ಮೇಲಿನ ಕೋಣೆಯ ಹಾಸಿಗೆ ಬಟ್ಟೆ ಬದಲಾಯಿಸಿದ್ದಾಯಿತು. ಚಮಚಗಳಿಗೆ ಪಾಲಿಶ್ ಬಾಕಿ. ಅಮ್ಮಾವ್ರಿಗೆ ಟೀ ಸಪ್ಪೆಯಾಯಿತಂತೆ. ಆಯ್ತಮ್ಮಾ ಎಂದು ಬೇರೆ ಮಾಡಿಕೊಟ್ಟೆ. ಲಂಗ ಉಡುವ ವಯಸ್ಸಿನಲ್ಲಿ ಈ ಮನೆಗೆ ಬಂದವಳು, ಇವತ್ತಿನವರೆಗೂ ಆಡಿದ್ದು ಬಹುಶಃ ಅದೊಂದೇ ಮಾತು.

ಪೇಟೆಯಲ್ಲಿ ನಮ್ಮ ಹಳೇ ಡ್ರೈವರು ಸಿಕ್ಕರು. ತಲೆಯೆಲ್ಲ ಬಿಳಿ, ನಗು ಮಾತ್ರ ಹಾಗೇ ಇದೆ. ಇನ್ನೂ ಒಂಟಿಯಂತೆ. ಭಾನುವಾರ ಊಟಕ್ಕೆ ಬನ್ನಿ ಎಂದರು. ನೋಡೋಣ ಎಂದು ಬಿಗುಮಾನ ತೋರಿಸಿದೆ. ಒಳಗೆ ಎದೆ ಡವಡವ... ಈ ವಯಸ್ಸಿನಲ್ಲಿ ಇದೆಂಥ ಕರ್ಮ!

ಫೆಬ್ರವರಿ 6, ಮಧ್ಯಾಹ್ನ
ಇಸ್ತ್ರಿ ಮಾಡುತ್ತಾ ಅದೇ ನೆನಪು. ಹಿಂದೆ ಒಮ್ಮೆ ಗ್ಯಾರೇಜಿನ ಬಾಗಿಲಲ್ಲಿ ಕೇಳಿದ್ದರು — ನಾವು ಮದುವೆಯಾಗೋಣವೇ ಎಂದು. ಮನೆ ತುಂಬ ನೆಂಟರಿದ್ದ ದಿನ. ಒಲೆ ಮೇಲೆ ಹಾಲಿದೆ ಎಂದು ಒಳಗೆ ಓಡಿದೆ. ಉತ್ತರ ಹೇಳಲು ತಿರುಗಿ ಹೋಗಲೇ ಇಲ್ಲ. ಮನಸ್ಸಿನಲ್ಲಿ ಹೂಂ ಅಂದಿದ್ದೆ. ಮನಸ್ಸಿನ ಮಾತು ಅವರಿಗೆ ಹೇಗೆ ಕೇಳಿಸಬೇಕು? ಆಮೇಲೆ ಅವರು ಕೆಲಸ ಬಿಟ್ಟರು.

ಹಾಲೇನೋ ಉಕ್ಕಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟ.

ಭಾನುವಾರ, ಸಂಜೆ
ನಗು ಬಂದು ಅಕ್ಷರಗಳು ಸೊಟ್ಟಗಾಗುತ್ತಿವೆ.

ಅವರದು ವರ್ಕ್‌ಶಾಪಿನ ಮೇಲೆ ಒಂದು ರೂಮು. ಅವರೇ ಮೀನು ಹುರಿದಿದ್ದರು. ಅವರು ಬಾಣಲೆ ತರುವಷ್ಟರಲ್ಲಿ ನಾನು ಮೇಜು ಸಿದ್ಧ ಮಾಡಿದೆ — ಒಂದೇ ತಟ್ಟೆ, ಒಂದೇ ಲೋಟ. ಆಮೇಲೆ ಗೋಡೆ ಪಕ್ಕ ಕೈಕಟ್ಟಿ ನಿಂತೆ. ಊಟಕ್ಕೆ ಬಂದವಳು ನಾನು, ಅದೇ ಮರೆತುಹೋಗಿತ್ತು! ಅವರೋ, ಕುರ್ಚಿ ಎಳೆದು, ಕಾರಿನ ಬಾಗಿಲು ಹಿಡಿದವರಂತೆ ಪಕ್ಕದಲ್ಲಿ ನೆಟ್ಟಗೆ ನಿಂತರು. ನೀವು ಕೂರಿ ಎಂದರು. ನೀವು ಮೊದಲು ಎಂದೆ. ಅಮ್ಮಾವ್ರು ಊಟ ಮುಗಿಸದೆ ನಾನು ಉಂಡವಳಲ್ಲ, ಕಾರಿನಲ್ಲಿ ಸಾಹೇಬರು ಕೂರದೆ ಅವರು ಕೂತವರಲ್ಲ. ಮೀನು ತಣ್ಣಗಾಯಿತು.

"ಇಲ್ಲಿ ಯಜಮಾನರು ಯಾರೂ ಇಲ್ಲವಲ್ರೀ," ಎಂದರು ಅವರು.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೊನೆಗೆ ಒಂದು, ಎರಡು, ಮೂರು ಎಂದು ಮಕ್ಕಳ ಹಾಗೆ ಒಟ್ಟಿಗೇ ಕೂತೆವು. ಮೀನಿಗೆ ಉಪ್ಪು ಜಾಸ್ತಿ. ಜನ್ಮದಲ್ಲಿ ಅಂಥ ರುಚಿಯ ಊಟ ಮಾಡಿಲ್ಲ.

ಕೈ ತೊಳೆಯುವಾಗ ಮೆಲ್ಲಗೆ ಕೇಳಿದರು. "ಅವತ್ತು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ."

"ಹೂಂ," ಎಂದೆ. "ಅವತ್ತೇ ಹೂಂ ಅಂದಿದ್ದೆ. ಬಾಯಿ ಬಿಟ್ಟು ಹೇಳ್ಲಿಲ್ಲ ಅಷ್ಟೇ."

ಅವರು ಕಣ್ಣೊರೆಸಿಕೊಂಡರು. ಖಾರವಂತೆ. ಮೀನಿಗೆ ಖಾರವನ್ನೇ ಹಾಕಿರಲಿಲ್ಲ ಪುಣ್ಯಾತ್ಮ.

ಮಾರ್ಚ್ 1
ಅಮ್ಮಾವ್ರಿಗೆ ಹೇಳಬೇಕು. ದಿನಾ ಟ್ರೇ ಹಿಡಿದು ಮಹಡಿ ಹತ್ತುತ್ತೇನೆ, ಬಾಯಿ ಹೊಲಿದುಕೊಂಡು ಇಳಿಯುತ್ತೇನೆ. ಹೀಗೇ ಆದರೆ ಎರಡನೇ ಸಲವೂ ಅವರನ್ನು ಕಳೆದುಕೊಳ್ಳುತ್ತೇನೆ.

ಮಾರ್ಚ್ 2
ಹೇಳಿಬಿಟ್ಟೆ! ಟ್ರೇ ಇಟ್ಟು, ಒಂದೇ ಉಸಿರಿಗೆ — ಮದುವೆ, ಡ್ರೈವರು, ಕೆಲಸ ಬಿಡುವುದು, ಎಲ್ಲ. ಅಮ್ಮಾವ್ರು ಕನ್ನಡಕ ತೆಗೆದರು.

"ಅಲ್ವೇ, ಇಷ್ಟು ವರ್ಷ ಏನು ಮಾಡ್ತಿದ್ದೆ?"

"ನಿಮಗೆ ಟೀ ಮಾಡ್ತಿದ್ದೆ ಅಮ್ಮಾ."

ಅದು ಹೇಗೆ ಬಾಯಿಂದ ಬಂತೋ! ಅಮ್ಮಾವ್ರು ಎದ್ದು ಬೀರುವಿನಿಂದ ತಮ್ಮದೊಂದು ರೇಷ್ಮೆ ಸೀರೆ ತೆಗೆದು ನನ್ನ ಹೆಗಲಿಗೆ ಹಿಡಿದು ನೋಡಿದರು. ಬಣ್ಣ ಒಪ್ಪುತ್ತದೆ ಎಂದರು. ನನಗೆ ಅಳು ಬಂತು, ಖುಷಿಯೇ ಹೆಚ್ಚು.

ಮಾರ್ಚ್ 14, ಬೆಳಿಗ್ಗೆ
ರಿಜಿಸ್ಟ್ರಾರ್ ಆಫೀಸಿಗೆ ಹೊರಡಬೇಕು. ಮಹಡಿಯಲ್ಲಿ ಅಮ್ಮಾವ್ರ ಕೋಣೆಯಲ್ಲೇ ಸೀರೆ ಉಟ್ಟಾಯಿತು. ಬೆಲ್ ಆಯಿತು — ಮುಂಬಾಗಿಲಿನದು! ಅಷ್ಟು ವರ್ಷ ಹಿತ್ತಲಿಂದಲೇ ಬರುತ್ತಿದ್ದ ಮನುಷ್ಯ. ನಾನು ಏಳುವಷ್ಟರಲ್ಲಿ ಅಮ್ಮಾವ್ರೇ ಹೋಗಿ ತೆಗೆದರು. ಏನಪ್ಪಾ ಇಷ್ಟು ಬೇಗ ಎಂದು ಕೇಳುತ್ತಿದ್ದಾರೆ.

"ನಮ್ಮನೆಯವರನ್ನ ಕರ್ಕೊಂಡು ಹೋಗೋಕೆ ಬಂದೆ ಅಮ್ಮಾವ್ರೇ."

ಅಯ್ಯೋ, ಇನ್ನೂ ಸಹಿಯೇ ಆಗಿಲ್ಲ, ಆಗಲೇ ನಮ್ಮನೆಯವರಂತೆ! ಇರಿ, ಕೆಳಗೆ ಬಂದು ಸರಿಯಾಗಿ ಒಂದು ಮಾತು ಅನ್ನದಿದ್ದರೆ—