ಪಾತಿಯಲ್ಲಿದ್ದ ಕೆಂಪು ಕಲ್ಲು

ಮಾರ್ಚ್ ೯, ಸೋಮವಾರ

ನನ್ನ ಸ್ಟ್ರಾಬೆರಿ ಪಾತಿಯನ್ನು ನಾಳೆ ಹತ್ತು ಗಂಟೆಗೆ ಕಿತ್ತುಹಾಕುತ್ತಾರಂತೆ. ಸುತ್ತ ಹಲಗೆ ಕಟ್ಟಿ, ಮೊಳದೆತ್ತರ ಮಣ್ಣು ತುಂಬಿ, ಎರಡು ವರ್ಷ ಸಾಕಿದ ಪಾತಿ. ಹಣ್ಣಾಗಲು ಇನ್ನು ನಾಲ್ಕೇ ದಿನ. ನಗರಸಭೆಯ ಎಂಜಿನಿಯರ್ ಬಂದು ನಕ್ಷೆ ಬಿಡಿಸಿ, "ಮೇಡಂ, ಇದರ ಕೆಳಗೆ ಚರಂಡಿ ಇದೆ" ಅಂದ. ಆ ಚರಂಡಿಯನ್ನು ಮೂವತ್ತೊಂದು ವರ್ಷದ ಹಿಂದೆಯೇ ರಸ್ತೆಯ ಆಚೆಗೆ ಸರಿಸಿದ್ದಾರೆ. ಅಗೆದ ಮಣ್ಣು ಆರು ತಿಂಗಳು ನನ್ನ ಬಾಗಿಲಲ್ಲೇ ಬಿದ್ದಿತ್ತು. ಐದು ಅರ್ಜಿ ಬರೆದ ಮೇಲೆ, ಚರಂಡಿ ಸರಿಸುವ ಕೆಲಸ ಮುಗಿದಿದೆ ಎಂದು ಅವರದೇ ಕಚೇರಿ ಕಳಿಸಿದ ಪತ್ರ ನನ್ನ ಕಪಾಟಿನಲ್ಲಿದೆ.

"ಅದನ್ನ ಆಚೆ ಸರಿಸಿದಾಗ ನೀವು ಹುಟ್ಟಿದ್ರೇನಪ್ಪಾ?" ಅಂತ ಕೇಳಿದೆ.

"ನಕ್ಷೆ ಸುಳ್ಳು ಹೇಳುತ್ತಾ ಮೇಡಂ?" ಎಂದು ನಗುತ್ತ ಬಗ್ಗಿದವನು, ಕೇಳದೆಯೇ ಕೆಂಪಗಿದ್ದ ಒಂದನ್ನು ಎತ್ತಿ ಕಚ್ಚಿಯೇಬಿಟ್ಟ. ಹಕ್ಕಿಗಳು ಮೋಸಹೋಗಲಿ ಎಂದು ಕಾಯಿಗಳ ನಡುವೆ ನಾನು ಬಣ್ಣ ಬಳಿದು ಇಟ್ಟಿದ್ದ ಕಲ್ಲು ಅದು!

ಸೊಸೆ ನಗು ತಡೆಯಲಾರದೆ ಒಳಗೋಡಿದಳು. ಆಮೇಲೆ, "ಅತ್ತೆ, ಹಲ್ಲಿಗೆ ಪರಿಹಾರ ಕೇಳ್ತಾರೆ ನೋಡ್ತಿರಿ" ಅಂದಳು.

ಕೇಳಲಿ. ಕೈಯಲ್ಲಿದ್ದ ಕಲ್ಲು ಗೊತ್ತಾಗದವನಿಗೆ ನೆಲದೊಳಗಿನ ಚರಂಡಿ ಗೊತ್ತಂತೆ. ನಾಳೆ ಬೆಳಿಗ್ಗೆಯೇ ಅವನ ಮೇಲಧಿಕಾರಿಯ ಮೇಜಿನ ಮೇಲೆ ಆ ಪತ್ರ ಇಡುತ್ತೇನೆ, ಅದು ಹಾರದಂತೆ ಮೇಲೆ ಈ ಕಲ್ಲನ್ನೂ. ಬಣ್ಣದಲ್ಲಿ ಹಲ್ಲಿನ ಗುರುತು ಎಷ್ಟು ಚೆನ್ನಾಗಿ ಮೂಡಿದೆಯೆಂದರೆ, ಅವನ ಸಹಿಯೇ ಬೇಡ.