ಬಾಡಿಗೆ ಮನೆಗೆ ಅತ್ತೆ ಬೇಕು

ಅಕ್ಕಿಪೇಟೆ, ಬೆಂಗಳೂರು
೧೯೨೬ನೇ ಇಸವಿ ಫೆಬ್ರವರಿ ೨, ಮಂಗಳವಾರ

ಮಾಗಡಿ ಸೀಮೆಯ ಕಲ್ಯ ಗ್ರಾಮದ ಮನೆಯ ಯಜಮಾನಿಯೂ, ಇಬ್ಬರು ಗಂಡುಮಕ್ಕಳನ್ನು ಒಂಟಿ ಕೈಯಲ್ಲಿ ಸಾಕಿದವರೂ, ಊರಗೌಡನ ಬಾಯಿಯನ್ನೇ ಮುಚ್ಚಿಸುವ ಗಟ್ಟಿಗಿತ್ತಿಯೂ ಆದ ಅತ್ತೆಮ್ಮ ಶಿವಲಿಂಗಮ್ಮನವರ ಪಾದಕ್ಕೆ ಕಿರಿಸೊಸೆ ಕಾವೇರಿ ಅಡ್ಡಬಿದ್ದು ಬರೆಯುವುದು. ಅಡ್ಡಬಿದ್ದಳು, ಆದ್ದರಿಂದ ಸೋತಳು ಎಂದು ತಿಳಿಯಬೇಡಿ. ಬಿದ್ದದ್ದು ಮರ್ಯಾದೆಗೆ. ಈಗ ಎದ್ದು ನಿಂತು ಬರೆಯುತ್ತಿದ್ದೇನೆ.

ಇದನ್ನು ಓದಿ ಹೇಳುವ ಬೋರಲಿಂಗಯ್ಯ ಮೇಷ್ಟ್ರೇ, ನಿಮಗೂ ನಮಸ್ಕಾರ. ನೀವು ಊರಿನವರ ಕಾಗದಗಳನ್ನೆಲ್ಲ ಗಂಟಲೊಳಗೇ ಗೊಣಗಿ ಮುಗಿಸುತ್ತೀರಿ. ಇದು ಹಾಗೆ ಓದುವ ಕಾಗದವಲ್ಲ. ಜಗಲಿಯ ಮೇಲೆ ನಿಂತು, ಎದೆಯೆತ್ತಿ, ಹಿತ್ತಲಲ್ಲಿ ಕಿವಿ ನೆಟ್ಟುಕೊಂಡಿರುವ ನಮ್ಮ ಓರಗಿತ್ತಿಗೂ ಕೇಳುವಂತೆ ಓದಬೇಕು.

ಅತ್ತೆಮ್ಮ, ನಾನು ಗುಡೇಮಾರನಹಳ್ಳಿಯ ನಾಟಕದ ಹುಚ್ಚಯ್ಯನ ಮಗಳು. ಚಿಕ್ಕವಳಿದ್ದಾಗಿನಿಂದ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ಮಾತು ಮರೆತ ರಾಜರಿಗೆಲ್ಲ ಮಾತು ಕೊಟ್ಟು ಬೆಳೆದವಳು. ಅಕ್ಷರ ಬಂದದ್ದೂ ಅಲ್ಲೇ, ಈ ಗಂಟಲು ಬಂದದ್ದೂ ಅಲ್ಲೇ. ಮೆಲ್ಲಗೆ ಮಾತಾಡು ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದೀರಿ. ನನಗೆ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಸಂಕ್ರಾಂತಿಯ ಮರುದಿನ ನಿಮ್ಮ ಮಗ ನಡುಮನೆಯಲ್ಲಿ ನಿಂತು, ಗಿರಣಿಯ ಕೆಲಸ ಕಾಯಂ ಆಯಿತು, ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿದು ಇವಳನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ನೀವು ಏನಂದಿರಿ? “ಗದ್ದೆ ಹೊಲ ಇರೋ ಮನೆ ಹೈದ ಕಂಡೋರ ಸೂರಿಗೆ ದುಡ್ ಕಟ್ಟಿ ಮನೀಕತೀಯೇನ್ಲಾ? ಗಾಡಿನ ಬಾಡಿಗೆಗೆ ತತ್ತಾರೆ, ಎತ್ತನ್ನ ತತ್ತಾರೆ. ಒಲೇನೂ ತತ್ತಾರಾ? ಓಗೋದಾದ್ರೆ ಓಗ್ರಿ. ಆ ಬಾಡಿಗೆ ಗೂಡಿಗೆ ನಾನು ಕಾಲಿಕ್ಕಕ್ಕಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಇದೆಲ್ಲ ಈ ನಾಟಕದೋಳ ಕುಣಿತ” ಎಂದಿರಿ.

ಹೌದು, ನನ್ನ ಕುಣಿತವೇ! ಒಪ್ಪಿದೆ! ಗಂಡ ಅಲ್ಲಿ, ಹೆಂಡತಿ ಇಲ್ಲಿ, ನಡುವೆ ಮಾಗಡಿಯ ಮೋಟಾರು ಎಂಬ ಸಂಸಾರ ನನಗೆ ಬೇಡವಾಗಿತ್ತು. ಮುಂಗಡದ ದುಡ್ಡಿಗೆ ನಾನು ಕಳ್ಳತನ ಮಾಡಿದೆ ಎಂದು ಓರಗಿತ್ತಿ ಸಾರಿಕೊಂಡು ಬಂದಳಂತೆ. ಮೇಷ್ಟ್ರೇ, ಇಲ್ಲಿ ದನಿ ಏರಿಸಿ. ನನ್ನ ಪಾಲಿನ ರೇಷ್ಮೆಹುಳಕ್ಕೆ ಸೊಪ್ಪು ಕೊಯ್ದದ್ದು ನಾನು, ಹಾಕಿದ್ದು ನಾನು, ಗೂಡನ್ನು ಕ್ಲೋಸ್‌ಪೇಟೆಗೆ ಹೊತ್ತು ನೂಲು ತೆಗೆಯುವ ಫಕ್ರುದ್ದೀನ್ ಸಾಹೇಬರ ಹತ್ತಿರ ಚೌಕಾಸಿ ಮಾಡಿ ಮಾರಿದ್ದೂ ನಾನು!

ಸರಿ, ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ನಿಮ್ಮ ಮಗನ ಜೊತೆ ಗಿರಣಿಯಲ್ಲಿ ದುಡಿಯುವ ಚನ್ನಪಟ್ಟಣದ ವಹಾಬ್ ಸಾಹೇಬರು ತಮ್ಮ ಮನೆಯ ಜಗಲಿ ಬಿಟ್ಟುಕೊಟ್ಟರು. ಆ ಜಗಲಿಯೇ ನನ್ನ ರಂಗಸ್ಥಳ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಲೆಕ್ಕ ಬರೆದೆ. ನಿಮ್ಮ ಮಗನ ಸಂಬಳ ತಿಂಗಳಿಗೆ ಹದಿನೈದು ರೂಪಾಯಿ. ಪರದೆ ಸರಿಯಿತು! ಮೊದಲು ಪ್ರವೇಶ ಮಾಡಿದವನು ಬಾಡಿಗೆರಾಯ. ಒಂದು ಕೋಣೆ, ಒಂದು ಅಡುಗೆಮೂಲೆ, ಆರು ಸಂಸಾರಕ್ಕೆ ಒಂದು ಬಾವಿ. ಅದಕ್ಕೆ ನಾಲ್ಕು ರೂಪಾಯಿ ಕಿರೀಟ! ಅವನ ಬೆನ್ನಿಗೇ ಅವನ ಅಣ್ಣ ಮುಂಗಡರಾಯ, ಮೂರು ತಿಂಗಳ ಬಾಡಿಗೆಯನ್ನು ಹೊಸ್ತಿಲಲ್ಲೇ ಎಣಿಸಿ ಎಂದು ಗದೆ ಎತ್ತಿದ. ಆಮೇಲೆ ಸೌದೆ, ಸೀಮೆಎಣ್ಣೆ, ಅಕ್ಕಿ, ಬೇಳೆ, ಒಬ್ಬರ ಹಿಂದೊಬ್ಬರು ಸೈನ್ಯ. ಕೊನೆಗೆ ಯಾರು ಬಂದರು ಗೊತ್ತೇ? ಸಗಣಿ! ನಮ್ಮ ಕೊಟ್ಟಿಗೆಯಲ್ಲಿ ಬೇಡವೆಂದರೂ ಕಾಲಿಗೆ ಸಿಕ್ಕುವ ಸಗಣಿ ಇಲ್ಲಿ ಬುಟ್ಟಿಗೆ ಮೂರು ಕಾಸು. “ಏನಯ್ಯಾ, ಹಸಕ್ಕೆ ಚಿನ್ನ ತಿನ್ನಿಸ್ತೀಯಾ?” ಎಂದು ಮಾರುವವನನ್ನು ಕೇಳಿದೆ. “ತಾಯಿ, ಇಲ್ಲಿ ಹುಲ್ಲೂ ಚಿನ್ನವೇ” ಎಂದ.

ಹೆದರಿದೆನೇ? ಇಲ್ಲ. ನಿಮ್ಮ ಮಗನ ಬೀಡಿಯನ್ನು ಗಡೀಪಾರು ಮಾಡಿದೆ. ನನ್ನ ಎಲೆಅಡಿಕೆಗೂ ಅದೇ ಶಿಕ್ಷೆ. ಅಕ್ಕಿಗೆ ಭಾನುವಾರ ಮಾತ್ರ ಅಪ್ಪಣೆ, ಉಳಿದ ದಿನ ರಾಗಿಯದೇ ರಾಜ್ಯಭಾರ. ನೆಲದ ಮೇಲಿನ ಲೆಕ್ಕದಲ್ಲಿ ತಿಂಗಳ ಕೊನೆಗೆ ಎಂಟಾಣೆ ಉಳಿಯಿತು. ಆ ಎಂಟಾಣೆಯನ್ನು ಕಂಡು ನಿಮ್ಮ ಮಗ ನಗಬೇಕೋ ಅಳಬೇಕೋ ತಿಳಿಯದೆ ಹೊರಗೆ ಹೋಗಿ ನಿಂತರು.

ಮನೆಯೊಡತಿ ಮುದ್ದುಗಂಗಮ್ಮನವರು. ಅಕ್ಕಿ ವ್ಯಾಪಾರಿಯ ಹೆಂಡತಿಯಾಗಿದ್ದವರು. ಯಜಮಾನರು ಹೋದ ಮೇಲೆ ಆರು ಮನೆಯ ವಠಾರವನ್ನು ಒಂದು ಬೀಗದ ಗೊಂಚಲಿನಲ್ಲಿ ಆಳುತ್ತಾರೆ. ನಾನು ದುಡ್ಡು ಮುಂದಿಟ್ಟರೆ ಅವರು ದುಡ್ಡು ನೋಡಲಿಲ್ಲ, ನನ್ನನ್ನೂ ನಿಮ್ಮ ಮಗನನ್ನೂ ನೋಡಿದರು. “ಇಬ್ರೇ ಬಂದಿದೀರಿ. ಹಿಂದೆ ಮುಂದೆ ಹಿರೀಕರು ಯಾರೂ ಇಲ್ವಾ? ಓಡ್ಬಂದೋರಿಗೆ ನಾನು ಮನೆ ಕೊಡಕ್ಕಿಲ್ಲ ಕಣಮ್ಮ” ಎಂದರು.

ಓಡಿ ಬಂದವಳಂತೆ! ನಾನು! ಆಗ ಶುರುಮಾಡಿದೆ ನೋಡಿ ನಿಮ್ಮ ಕಥೆ. ಗಂಡ ಸತ್ತ ವರ್ಷವೇ ನೇಗಿಲು ಹಿಡಿದ ಹೆಂಗಸು, ಭಾಗ ಕೇಳಲು ಬಂದ ದಾಯಾದಿಗಳಿಗೆ ಕುಡುಗೋಲು ತೋರಿಸಿದ ಹೆಂಗಸು ಎಂದು ವಠಾರದ ಆರೂ ಬಾಗಿಲು ತೆರೆಯುವಂತೆ ಹೇಳಿದೆ. ಮುದ್ದುಗಂಗಮ್ಮನವರು ಕಣ್ಣು ಮಿಟುಕಿಸದೆ ಕೇಳಿದರು. “ಅಂಗಾರೆ ಆಯಮ್ಮನ್ನೇ ಕರ್ಕೊಂಡ್ ಬಾ. ಇವ್ರು ನಮ್ಮೋರು ಅಂತ ಅವ್ರೊಂದ್ಮಾತು ಅನ್ಲಿ, ಮನೆ ನಿಂದು.”

ನೀವು ಬರುವವರಲ್ಲ. ನಾನು ಕಾಲು ಹಿಡಿಯುವವಳಲ್ಲ. ಮನೆಯೋ ಕೈಗೆ ಬಂದು ಜಾರುತ್ತಿದೆ. ಆಗ ನಾಟಕದವಳ ತಲೆಗೆ ಏನು ಹೊಳೆಯಬೇಕೋ ಅದೇ ಹೊಳೆಯಿತು. ನಮ್ಮಪ್ಪನಿಗೆ ಹೇಳಿಕಳಿಸಿದೆ, ಬಂದ.

ನಮ್ಮಪ್ಪ ಹುಚ್ಚಯ್ಯ ಆಯಸ್ಸಿಡೀ ಹೆಣ್ಣುಪಾತ್ರ ಮಾಡಿದವನು. ಅವನು ಸೀರೆಯುಟ್ಟು ನಡೆದರೆ ಹೆಂಗಸರೇ ದಾರಿ ಬಿಡುತ್ತಾರೆ. “ಅಪ್ಪಾ, ಅತ್ತೆಮ್ಮ ಗಂಡನ್ನ ಕಳಕೊಂಡೋರು. ಮಾಸಲು ಸೀರೆ, ಬರೀ ಹಣೆ, ಬರೀ ಕೈ. ಜಾಸ್ತಿ ಮಾತಾಡ್ಬ್ಯಾಡ” ಎಂದು ಒಂದಕ್ಕೆರಡು ಸಲ ಹೇಳಿದೆ. ತಲೆಯಾಡಿಸಿ, ವೇಷ ಕಟ್ಟಲು ಹೋದ. ಭಾನುವಾರ ವಠಾರದ ಮುಂದೆ ಜಟಕಾದಿಂದ ಇಳಿದ. ಅಯ್ಯೋ ಶಿವನೇ! ಕೆಂಪಂಚಿನ ಹಸಿರು ಸೀರೆ, ಮೊಳಕೈವರೆಗೆ ಬಳೆ, ತುರುಬು ತುಂಬ ಮಲ್ಲಿಗೆ, ಹಣೆಯ ಮೇಲೆ ಒಂದಾಣೆ ಬಿಲ್ಲೆಯಷ್ಟಗಲ ಕುಂಕುಮ! ಮೂಲೆಗೆ ಎಳೆದು ಕೇಳಿದರೆ, “ಬಣ್ಣ ಹಚ್ಚಿದಾಗಿಂದ ರಾಣಿಯಾಗೇ ಬಾಳಿವ್ನಿ ಮಗಾ. ಬರೀ ಹಣೇಲಿ ಜನದ ಮುಂದೆ ನಿಲ್ಲು ಅಂದ್ರೆ ನನ್ ಕೈಲಾಗಕ್ಕಿಲ್ಲ. ಕನ್ನಡಿ ಮುಂದೆ ಅಳ್ಸಿದೆ. ಎದೆ ಝಲ್ಲಂತು. ತಿರ‍್ಗಾ ಇಟ್ಕಂಡೆ” ಎಂದ.

ಇಷ್ಟನ್ನೂ ಒಳಗಿನಿಂದ ಕೇಳಿಸಿಕೊಂಡ ಮುದ್ದುಗಂಗಮ್ಮನವರು ಬಾಗಿಲಿಗೆ ಬಂದರು. ಮೇಲಿಂದ ಕೆಳಗೆ ನೋಡಿದರು. “ಬನ್ನಿ ಅಮ್ಮಾ. ತೀರಿಕೊಂಡಿದ್ದ ಯಜಮಾನ್ರು ಯಾವಾಗ ಎದ್ದು ಬಂದ್ರು?”

ಮಾತು ಮರೆಯುವ ಮನುಷ್ಯನೇ ಅಲ್ಲ ನಮ್ಮಪ್ಪ. ಸೆರಗು ಬೀಸಿ, “ಸತಿಯ ಮೊರೆ ಯಮಲೋಕಕ್ಕೂ ಮುಟ್ಟಿತು ತಾಯೀ! ಬರುತ್ತಿದ್ದಾರೆ, ದಾರಿಯಲ್ಲಿದ್ದಾರೆ!” ಎಂದು ರಾಗ ಎಳೆದ.

ವಠಾರವೆಲ್ಲ ಬಿದ್ದು ಬಿದ್ದು ನಕ್ಕಿತು. ನಿಮ್ಮ ಮಗ ಗೋಡೆಯ ಕಡೆ ತಿರುಗಿ ನಿಂತರು. ಮುದ್ದುಗಂಗಮ್ಮನವರೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಆ ನೀರು ನಿಲ್ಲಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮಪ್ಪನಿಗೆ ಹೇಳಿದರು: “ಅಲ್ಲಯ್ಯಾ, ನೀನು ಗಂಡ್ಸು. ಒಂದು ಗಳಿಗೆ ಆಟಕ್ಕೆ ಬರೀ ಹಣೆ ಅಂದ್ರೆ ನಿನ್ನೆದೆ ಝಲ್ಲಂತು. ನಾವು ಇದೇ ಹಣೇಲಿ ದಿನಾ ಬೆಳಗಾಗೆದ್ದು ಬಾಗಿಲು ತೆಗೀತೀವಲ್ಲ, ನಮಗೇನಂತೀಯ?”

ನಮ್ಮಪ್ಪ ಮೊದಲ ಬಾರಿಗೆ ಮಾತು ಮರೆತ. ಪರದೆಯ ಹಿಂದಿನಿಂದ ಕೊಡಲು ನನ್ನ ಹತ್ತಿರವೂ ಮಾತಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. “ಮುಂದಿನ ವಾರ ಶುಕ್ರವಾರದವರೆಗೆ ಬೀಗದ ಕೈ ಗೂಟದಲ್ಲಿರ್ತದೆ. ನಿಜವಾದ ಅತ್ತೆ ಬರ್ಲಿ. ಬರ್ದಿದ್ರೆ ಆ ಕೋಣೇಗೆ ಅಕ್ಕಿ ಮೂಟೆ ತುಂಬ್ಕೋತೀವಿ ಅಂತ ಮಂಡಿಯವರು ಐದು ರೂಪಾಯಿಗೆ ಕಾದವ್ರೆ” ಎಂದರು. ಅಂದರೆ ಹನ್ನೆರಡನೇ ತಾರೀಖು.

ಅತ್ತೆಮ್ಮ, ಅವತ್ತಿನಿಂದ ನನಗೆ ಒಂದೇ ದೃಶ್ಯ. ಭಾವನವರ ಹೊಸ ಮನೆಯ ಗೃಹಪ್ರವೇಶ. ಅದರ ಗೋಡೆಗೆ ಮಣ್ಣು ತುಳಿದವರು ನೀವು, ತೊಲೆಗೆ ಮರ ಕಡಿಸಿದವರು ನೀವು. ಹಾಲು ಉಕ್ಕಿಸಿದವಳು ಪಟೇಲರ ಹೆಂಡತಿ, ಮುತ್ತೈದೆ ಎಂಬ ಒಂದೇ ಕಾರಣಕ್ಕೆ. ನೀವು ರಾಗಿ ತುಂಬಿದ ಮಣ್ಣಿನ ವಾಡೆಯ ಮರೆಯಲ್ಲಿ ನಿಂತು “ಉಕ್ತೇನವ್ವಾ?” ಎಂದು ಕೇಳಿದಿರಿ. ನಾನು “ಉಕ್ಕಿತು” ಎಂದೆ.

ಮೇಷ್ಟ್ರೇ, ಇನ್ನು ಮುಂದಿನದನ್ನು ಊರಿಗೇ ಕೇಳಿಸಿ. ಬೆಂಗಳೂರಿನ ಈ ನಾಲ್ಕು ರೂಪಾಯಿಯ ಕೋಣೆಯಲ್ಲಿ ಹಾಲು ಉಕ್ಕಿಸುವವರು ಶಿವಲಿಂಗಮ್ಮನವರು! ಬರೀ ಹಣೆಯಲ್ಲಿ, ಬರೀ ಕೈಯಲ್ಲಿ, ನಡುಮನೆಯಲ್ಲಿ ಮೂಡಲಿಗೆ ಮುಖ ಮಾಡಿ! ಅಪಶಕುನ ಎನ್ನುವವರು ಎನ್ನಲಿ. ಶಕುನಕ್ಕೆ ಬಾಡಿಗೆ ಕಟ್ಟುವವರು ನಾವು, ಅವರಲ್ಲ. ಭಾವನವರ ಮನೆ ಅವರ ಪದ್ಧತಿಯಲ್ಲಿ ನಡೆಯಲಿ. ನನ್ನ ಒಲೆಗೆ ನನ್ನದೇ ಪದ್ಧತಿ.

ಸ್ವಂತದ ಒಲೆಯ ಮುಂದೆ ನಿಲ್ಲಲು ನಿಮ್ಮನ್ನು ಯಾರೂ ಕರೆಯಲಿಲ್ಲ. ಬಾಡಿಗೆಯ ಒಲೆ ಕರೆಯುತ್ತಿದೆ. ಹನ್ನೆರಡನೇ ತಾರೀಖು ಶುಕ್ರವಾರ ಬೆಳಿಗ್ಗೆ ಮಾಗಡಿಯಿಂದ ಮೋಟಾರು ಹೊರಡುತ್ತದೆ. ನಿಮ್ಮ ಮಗ ಅರ್ಧ ದಿನದ ಕೂಲಿ ಬಿಟ್ಟು ಮಾಗಡಿ ರಸ್ತೆಯಲ್ಲಿ ಕಾದಿರುತ್ತಾರೆ. ಬಂದು ನನ್ನನ್ನು ಬೈಯಿರಿ, ನಾನೂ ಎದುರು ಮಾತಾಡುತ್ತೇನೆ. ನಾನು ಕ್ಷಮೆ ಕೇಳುವುದಿಲ್ಲ, ನೀವು ಕೇಳುವುದೂ ಬೇಡ.

ಇಂತಿ,
ಮೆಲ್ಲಗೆ ಮಾತಾಡಲು ಬಾರದ ನಿಮ್ಮ ಸೊಸೆ
ಕಾವೇರಿ

ಕಾಗದ ಮಡಿಸುವ ಮುಂಚೆ ಇನ್ನೊಂದು: ಏನು ಬರೆದಿದ್ದೀಯ, ಓದು ಎಂದು ಮುದ್ದುಗಂಗಮ್ಮನವರು ಕೂತರು. ಪೂರ್ತಿ ಓದಿದೆ. ಕೇಳಿದವರು ಎದ್ದು, ಗೂಟದಿಂದ ಬೀಗದ ಕೈ ತೆಗೆದು ನನ್ನ ಕೈಗೆ ಹಾಕಿದರು. ಆದ್ದರಿಂದ ಮನೆ ಈಗ ನಮ್ಮದು. ನೀವು ಬಂದರೂ ನಮ್ಮದು, ಬಾರದಿದ್ದರೂ ನಮ್ಮದು. ಆದರೆ ಅತ್ತೆಮ್ಮ, ಒಲೆಗೆ ಬೆಂಕಿ ಹಾಕಿಲ್ಲ. ನೀವು ಬರುವವರೆಗೆ ವಹಾಬ್ ಸಾಹೇಬರ ಜಗಲಿಯಲ್ಲೇ ಮಲಗಿ, ಪುರಿ ಬೆಲ್ಲ ತಿಂದುಕೊಂಡು, ಹೋಟೆಲಿನವನಿಗೆ ದುಡ್ಡು ಸುರಿದು ಆ ಎಂಟಾಣೆಯನ್ನೂ ಕಳೆಯುತ್ತೇವೆ. ಪಟೇಲರ ಹೆಂಡತಿಯಂಥ ಮುತ್ತೈದೆಯರು ಈ ವಠಾರದಲ್ಲಿ ಐದು ಜನ ಇದ್ದಾರೆ, ಹಾಲು ನಾವು ಉಕ್ಕಿಸಲೇ ಎಂದು ಐವರೂ ಕೇಳಿದರು. ಹಾಲಿನ ಪಾತ್ರೆಯನ್ನು ಯಾರ ಕೈಗೂ ಕೊಟ್ಟಿಲ್ಲ.